ಸೋಲಾಪುರ ರಸ್ತೆ ನರ್ಸರಿಯ ಶತಾವರಿ ಟೇಬಲ್: ಗಿಡ ತಗೊಳ್ಳಿ, ಚೀಟಿ ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ ಸ್ಟಾರ್. ಗಿಡಗಳ ಆರೋಗ್ಯಕ್ಕೆ, ಅವನ್ನು ಜೋಡಿಸಿಟ್ಟ ಬುದ್ಧಿಗೆ ಪೂರ್ತಿ ಮಾರ್ಕು ಕೊಡಬಹುದಿತ್ತು. ಕುಂಡಗಳಿಗೆ ಅಂಟಿಸಿದ ಚೀಟಿಗಳು ಒಂದೂವರೆ ಸ್ಟಾರ್ ತಿಂದುಹಾಕಿದವು.

ಪುಣೆಯಲ್ಲಿರುವವರಿಗೆ ಈ ದಾರಿ ಗೊತ್ತೇ ಇರುತ್ತದೆ. ಹಡಪ್ಸರ್ ಗದ್ದಲ ಮುಗಿಸಿ ಲೋಣಿ ಕಾಳಭೋರ್ ಹತ್ತಿರ ಬಂದರೆ, ಅಲ್ಲಿಂದ ಉರುಳಿ ಕಾಂಚನ್ ಕಡೆಗೆ ರಸ್ತೆಯ ಅಕ್ಕಪಕ್ಕ ನರ್ಸರಿಗಳ ಸಾಲು. ಅವುಗಳಲ್ಲಿ ಒಂದರ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಕೆಳಗೆ ಸ್ವಲ್ಪ ಬೈಗುಳವೂ ಇದೆ, ಅಲ್ಲಿಯ ಜನ ಒಳ್ಳೆಯವರು, ಸುಮ್ನೆ ಯಾಕೆ ಅವರ ಹೊಟ್ಟೆ ಮೇಲೆ ಹೊಡೆಯುವುದು. ಬೇಕಾದವರು ಒಳಗೆ ಒಂದು ಶೆಡ್ಡಿಗೆ "ಫ್ಯಾಮಿಲಿ ಸೆಕ್ಷನ್" ಅಂತ ಬೋರ್ಡು ಹಾಕಿದ್ದು ಯಾವ ನರ್ಸರಿ ಅಂತ ಕೇಳಿಕೊಂಡು ಹೋಗಿ. ನನ್ನ ಯಜಮಾನರು ಆ ಬೋರ್ಡು ನೋಡಿ ಮಿಸಳ್ ಸಿಗಬಹುದು ಅಂದುಕೊಂಡೇ ಒಳಗೆ ಬಂದರು.

ಸಾಮಾನ್ಯವಾಗಿ ನರ್ಸರಿಯವರು ಗಿಡ ಇಡುವುದು ಇಂಡೋರ್, ಔಟ್‌ಡೋರ್, ಹೂವು, ಹಣ್ಣು, ಸಕ್ಯುಲೆಂಟ್ ಅಂತ. ಇಲ್ಲಿ ಮಾಲೀಕರ ಮಗಳು ಬಾಟನಿ ಓದುತ್ತಿದ್ದಾಳಂತೆ. ಅವಳ ಹಟಕ್ಕೆ ಈ ಒಂದು ಶೆಡ್ಡನ್ನು ಸಸ್ಯ ಕುಟುಂಬಗಳ ಪ್ರಕಾರ ಜೋಡಿಸಿದ್ದಾರೆ. ಕೆಸುವಿನ ಕುಟುಂಬಕ್ಕೆ ಒಂದು ಟೇಬಲ್, ಶುಂಠಿ ಕುಟುಂಬಕ್ಕೆ ಒಂದು, ಹೀಗೆ. ಅವೆರಡರಲ್ಲಿ ಹೇಳುವಂಥದ್ದೇನಿಲ್ಲ, ಎಲ್ಲ ನರ್ಸರಿಯಲ್ಲೂ ಸಿಗುವ ಗಿಡಗಳೇ. ನಾನು ನಿಂತುಬಿಟ್ಟಿದ್ದು ಮೂಲೆಯ ಉದ್ದನೆಯ ಟೇಬಲ್ ಹತ್ತಿರ. ಅದು ಆಸ್ಪರಾಗೇಸಿ, ಅಂದರೆ ಶತಾವರಿ ಕುಟುಂಬ.

ಆ ಟೇಬಲ್ ಮೇಲೆ ಏನಿದೆ ಅಂತ ಕೇಳಿ. ಸ್ನೇಕ್ ಪ್ಲಾಂಟ್, ಲಕ್ಕಿ ಬ್ಯಾಂಬೂ, ಸಾಂಗ್ ಆಫ್ ಇಂಡಿಯಾ, ಕತ್ತಾಳೆಯ ನಾನಾ ಬಗೆ, ಯಕ್ಕಾ, ಸ್ಪೈಡರ್ ಪ್ಲಾಂಟ್, ಶತಾವರಿ ಬಳ್ಳಿ, ಆಸ್ಪರಾಗಸ್ ಫರ್ನ್, ಕೆಂಪೆಲೆಯ ಕಾರ್ಡಿಲೈನ್, ಚುಕ್ಕೆ ಎಲೆಯ ಪುಟ್ಟ ಲೆಡೆಬೂರಿಯಾ, ಕೊನೆಗೆ ಒಂದು ಬುಟ್ಟಿ ಸುಗಂಧರಾಜದ ಗೆಡ್ಡೆ. ಇವೆಲ್ಲ ಒಂದೇ ಕುಟುಂಬ ಅಂದರೆ ಯಾರು ನಂಬುತ್ತಾರೆ? ಒಂದಕ್ಕೆ ಕತ್ತಿಯಂಥ ಎಲೆ, ಒಂದಕ್ಕೆ ಕೂದಲಿನಂಥ ಎಲೆ. ಅದೂ ಶತಾವರಿಯಲ್ಲಿ ಎಲೆಯೇ ಅಲ್ಲ, ಎಲೆಯ ಕೆಲಸ ಮಾಡುವ ಸಣ್ಣ ಕಾಂಡಗಳು. ನಿಜವಾದ ಎಲೆ ಬುಡದಲ್ಲಿ ಒಣಗಿದ ಹೊಟ್ಟಿನ ಹಾಗೆ, ಮುಳ್ಳಿನ ಹಾಗೆ ಅಂಟಿಕೊಂಡಿರುತ್ತದೆ. ಲೆನ್ಸ್ ಬೇಡ, ಕನ್ನಡಕ ಸಾಕು, ಒಂದು ಕೊಂಬೆ ಹಿಡಿದು ನೋಡಿ.

ನಾನು ಧಾರವಾಡದಲ್ಲಿ ಬಿಎಸ್ಸಿ ಓದಿದವಳು. ನಮಗೆ ಆಗ ಕಲಿಸಿದ್ದು ಬೆಂಥಮ್ ಮತ್ತು ಹೂಕರ್ ಪದ್ಧತಿ. 1862ರಿಂದ 1883ರವರೆಗೆ ಅವರಿಬ್ಬರು ಕೂತು ಮಾಡಿದ್ದು, ನಮ್ಮ ದೇಶದ ಬಹಳಷ್ಟು ಹರ್ಬೇರಿಯಂಗಳ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯಗಳ, ಕಪಾಟುಗಳು ಇವತ್ತಿಗೂ ಅದೇ ಕ್ರಮದಲ್ಲಿವೆ. ಅದರಲ್ಲಿ ಲಿಲಿಯೇಸಿ ಅಂತ ಒಂದು ದೊಡ್ಡ ಕುಟುಂಬ. ಮನೆಯಲ್ಲಿ ಎಲ್ಲೂ ಸೇರದ ಸಾಮಾನೆಲ್ಲ ಅಟ್ಟಕ್ಕೆ ಹೋಗುತ್ತದಲ್ಲ, ಹಾಗೆ ಆರು ದಳ, ಆರು ಕೇಸರ, ದಳಗಳ ಮೇಲೆ ಕೂತ ಅಂಡಾಶಯ ಇದ್ದ ಏಕದಳ ಗಿಡವನ್ನೆಲ್ಲ ಅದಕ್ಕೆ ತುಂಬಿದ್ದರು. ಪ್ರಾಕ್ಟಿಕಲ್ ಪರೀಕ್ಷೆಗೆ ಲಿಲಿಯೇಸಿ ಬಂದರೆ ಖುಷಿಯೋ ಖುಷಿ. ಈರುಳ್ಳಿ ಹೂವು, ಗೌರಿ ಹೂವು, ಲೋಳೆಸರ, ಶತಾವರಿ, ಈ ನಾಲ್ಕರಲ್ಲಿ ಒಂದನ್ನು ಇಟ್ಟಿರುತ್ತಿದ್ದರು, ಹೂವಿನ ಸೂತ್ರ ಬಾಯಿಪಾಠ.

ಈಗ ನೋಡಿ ಕಥೆ. ಈರುಳ್ಳಿ ಹೋಗಿ ಅಮರಿಲಿಡೇಸಿ ಸೇರಿತು. ಗೌರಿ ಹೂವು ಕೊಲ್ಚಿಕೇಸಿಗೆ ಹೋಯಿತು. ಲೋಳೆಸರ ಆಸ್ಫೋಡೆಲೇಸಿ. ಶತಾವರಿ ತನ್ನದೇ ಹೆಸರಿನ ಆಸ್ಪರಾಗೇಸಿ. ನಾವು ಲಿಲಿಯೇಸಿ ಅಂತ ಬರೆದು ಪಾಸಾದ ನಾಲ್ಕರಲ್ಲಿ ಒಂದೂ ಈಗ ಲಿಲಿಯೇಸಿಯಲ್ಲಿಲ್ಲ! ಅಲ್ಲಿ ಉಳಿದಿದ್ದು ನಿಜವಾದ ಲಿಲ್ಲಿ, ಟ್ಯುಲಿಪ್ ಮತ್ತು ಅವುಗಳ ಹತ್ತಿರದ ಬಳಗ ಮಾತ್ರ.

ಟೇಬಲ್ ಹಿಂದೆ ಗೋಡೆಗೆ ಹಾಕಿದ ಫ್ಲೆಕ್ಸಿನಲ್ಲಿ ಈ ಬದಲಾವಣೆ ಹೇಗಾಯಿತು ಅಂತ ಆ ಹುಡುಗಿ ಮರಾಠಿಯಲ್ಲಿ ಬರೆಸಿದ್ದಾಳೆ. ಚೆನ್ನಾಗಿ ಬರೆಸಿದ್ದಾಳೆ, ಆದರೆ ತೀರಾ ಚಿಕ್ಕದು, ಮೇಲಾಗಿ ಎದುರಿಗೆ ಗೊಬ್ಬರದ ಚೀಲ ಪೇರಿಸಿದ್ದಾರೆ. ನಾನು ಅದರಿಂದಲೂ ನನಗೆ ಗೊತ್ತಿದ್ದರಿಂದಲೂ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಟೇಬಲ್ಲಿನ ಮಜಾ ಇರುವುದೇ ಅದರಲ್ಲಿ.

ಅಂಡಾಶಯ ದಳಗಳ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಹಳಬರು ಬಹಳ ದೊಡ್ಡ ವಿಷಯ ಮಾಡಿಕೊಂಡಿದ್ದರು. ಕತ್ತಾಳೆಗೆ ಅಂಡಾಶಯ ಕೆಳಗೆ, ಹಾಗಾಗಿ ಅದು ಅಮರಿಲಿಡೇಸಿ. ಯಕ್ಕಾಗೆ ಮೇಲೆ, ಹಾಗಾಗಿ ಲಿಲಿಯೇಸಿ. ಎರಡೂ ಗಿಡ ಪಕ್ಕಪಕ್ಕ ಇಟ್ಟರೆ ಮಕ್ಕಳೂ ಅಣ್ಣತಮ್ಮ ಅನ್ನುತ್ತಾರೆ, ಪುಸ್ತಕದಲ್ಲಿ ಮಾತ್ರ ಬೇರೆ ಬೇರೆ ಮನೆ. 1933ರಲ್ಲಿ ಮೆಕೆಲ್ವಿ ಮತ್ತು ಸ್ಯಾಕ್ಸ್ ಅನ್ನುವವರು ಇವುಗಳ ಕ್ರೋಮೋಸೋಮ್ ಎಣಿಸಿದರು. ಎರಡರಲ್ಲೂ 30 ಜೋಡಿ. ಅದರಲ್ಲೂ 5 ದೊಡ್ಡವು, 25 ಚಿಕ್ಕವು. ಇಂಥ ವಿಚಿತ್ರ ಲೆಕ್ಕ ಎರಡು ಕಡೆ ಸುಮ್ನೆ ಹೊಂದಿಕೆಯಾಗುವುದಿಲ್ಲ. ಮರುವರ್ಷ ಹಚಿನ್ಸನ್ ಇವೆರಡನ್ನೂ ಒಟ್ಟು ಸೇರಿಸಿ ಅಗೇವೇಸಿ ಅಂತ ಮಾಡಿದರು. ಆಮೇಲೆ 1980ರ ದಶಕದಲ್ಲಿ ಡಾಲ್‌ಗ್ರೆನ್ ಮತ್ತು ಜೊತೆಗಾರರು ಹಳೆಯ ಲಿಲಿಯೇಸಿಯನ್ನು ಸಣ್ಣ ಸಣ್ಣ ಕುಟುಂಬಗಳಾಗಿ ಒಡೆದರು. ಇನ್ನೊಂದು ದಶಕದಲ್ಲಿ ಡಿಎನ್‌ಎ ಓದುವುದು ಸುಲಭವಾಯಿತು. ಕ್ಲೋರೋಪ್ಲಾಸ್ಟಿನ ಆರ್‌ಬಿಸಿಎಲ್ ಎಂಬ ಜೀನ್ ಹಿಡಿದು ಹೋಲಿಸಿದಾಗ ಆ ಸಣ್ಣ ಕುಟುಂಬಗಳಲ್ಲಿ ಯಾರಿಗೆ ಯಾರು ಹತ್ತಿರ ಅಂತ ತಿಳಿಯತೊಡಗಿತು.

ಎಪಿಜಿ ಅಂತ ಹೂಬಿಡುವ ಗಿಡಗಳ ವಂಶ ನೋಡುವ ವಿಜ್ಞಾನಿಗಳ ಗುಂಪು ಇದೆ. 1998ರಲ್ಲಿ ಅವರ ಮೊದಲ ಪಟ್ಟಿ ಬಂತು. 2003ರ ಎರಡನೆಯದರಲ್ಲಿ ಅವರೇ ಗೊಂದಲದಲ್ಲಿದ್ದರು, ಬೇಕಾದರೆ ದೊಡ್ಡ ಆಸ್ಪರಾಗೇಸಿ ಅನ್ನಿ, ಬೇಡವಾದರೆ ಸಣ್ಣ ಕುಟುಂಬಗಳನ್ನೇ ಇಟ್ಟುಕೊಳ್ಳಿ ಅಂತ ಬಿಟ್ಟುಬಿಟ್ಟರು. 2009ರ ಮೂರನೆಯ ಪಟ್ಟಿಯಲ್ಲಿ ಎಲ್ಲ ಸೇರಿಸಿ ಒಂದೇ ದೊಡ್ಡ ಆಸ್ಪರಾಗೇಸಿ ಅಂತ ತೀರ್ಮಾನ. ಒಳಗೆ ಏಳು ಉಪಕುಟುಂಬ, ಸುಮಾರು 2,900 ಪ್ರಭೇದ. 2016ರ ನಾಲ್ಕನೆಯ ಪಟ್ಟಿಯಲ್ಲೂ ಅದೇ ಉಳಿಯಿತು.

ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಆಸ್ಪರಾಗೇಸಿ ಅನ್ನುವುದು ವಿಜ್ಞಾನಿಗಳಿಗೆ ಅನುಕೂಲ, ನಮಗಲ್ಲ. ಇದು ಆಸ್ಪರಾಗೇಸಿ ಅಂತ ಹೂವನ್ನೋ ಎಲೆಯನ್ನೋ ನೋಡಿ ಹೇಳಲು ಎಲ್ಲದಕ್ಕೂ ಹೊಂದುವ ಒಂದು ಗುರುತೂ ಇಲ್ಲ. ಉಪಯೋಗ ಇರುವುದು ಉಪಕುಟುಂಬದಲ್ಲಿ. ಈ ನರ್ಸರಿಗೆ ನಾನು ಮಾರ್ಕು ಕೊಟ್ಟಿದ್ದೂ ಅದಕ್ಕೇ. ಟೇಬಲ್ಲಿನ ಮೇಲೆ ಬಿಳಿ ಪೇಂಟಿನಲ್ಲಿ ಗೆರೆ ಎಳೆದು ಐದು ಭಾಗ ಮಾಡಿದ್ದಾರೆ. ಕತ್ತಾಳೆ ಬಳಗ ಒಂದು ಕಡೆ, ಡ್ರಸೀನಾ ಬಳಗ ಒಂದು ಕಡೆ, ಶತಾವರಿಗಳು ಬೇರೆ, ಕಾರ್ಡಿಲೈನ್ ಬೇರೆ, ಲೆಡೆಬೂರಿಯಾದಂಥ ಗೆಡ್ಡೆ ಗಿಡಗಳು ಬೇರೆ. ಉಳಿದ ಎರಡರಲ್ಲಿ ಒಂದು ಅಮೆರಿಕದ ಗೆಡ್ಡೆ ಗಿಡಗಳದ್ದು, ಇನ್ನೊಂದರಲ್ಲಿ ಮೆಡಿಟರೇನಿಯನ್ ಕಡೆಯ ಒಂದೇ ಒಂದು ಪ್ರಭೇದ. ಅವನ್ನು ಲೋಣಿಯಲ್ಲಿ ಕೇಳಿದರೆ ನಮ್ಮದೇ ತಪ್ಪು.

ಈ ಗೆರೆಗಳಿಂದಾಗಿ ಕಣ್ಣಿಗೆ ಬೀಳುವ ವಿಷಯಗಳಿವೆ. ಸ್ಪೈಡರ್ ಪ್ಲಾಂಟ್ ಇಟ್ಟಿರುವುದು ಕತ್ತಾಳೆ ಪಕ್ಕ. ಮೊದಲ ನೋಟಕ್ಕೆ ಯಾರೋ ತಂದು ತಪ್ಪಾಗಿ ಇಟ್ಟಿದ್ದಾರೆ ಅನಿಸುತ್ತದೆ, ಅಲ್ವಾ? ಸರಿಯಾಗಿಯೇ ಇದೆ. ಸ್ಪೈಡರ್ ಪ್ಲಾಂಟ್ ಕ್ಲೋರೋಫೈಟಮ್ ಕುಲದ್ದು, ಅದು ಕತ್ತಾಳೆಯ ಉಪಕುಟುಂಬಕ್ಕೇ ಸೇರುತ್ತದೆ. ಈ ಕುಲದ ಬೇರೆ ಪ್ರಭೇದಗಳು ನಮ್ಮ ಸಹ್ಯಾದ್ರಿಯಲ್ಲಿವೆ. ಮಳೆ ಶುರುವಾದಾಗ ಪುಣೆಯ ಮಂಡಿಯಲ್ಲಿ ಹಳ್ಳಿ ಹೆಂಗಸರು ಫೋಡಶಿ ಅಂತ ಹುಲ್ಲಿನಂಥ ಸೊಪ್ಪು ಮಾರುತ್ತಾರಲ್ಲ, ಈರುಳ್ಳಿ, ಕಡಲೆಬೇಳೆ ಹಾಕಿ ಪಲ್ಯ ಮಾಡುವುದು, ಅದು ಈ ಕುಲದ ಕಾಡು ಗಿಡ. ಔಷಧಿ ಅಂಗಡಿಯ ಬಿಳಿ ಮುಸಲಿಯೂ ಇದೇ ಕುಲ. ಅದರ ವೈಜ್ಞಾನಿಕ ಹೆಸರು ಕ್ಲೋರೋಫೈಟಮ್ ಬೊರಿವಿಲಿಯಾನಮ್, ಮುಂಬೈಯ ಬೋರಿವಲಿಯ ಹೆಸರೇ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿದ್ದ ಪಾದ್ರಿ ಸಂತಾಪಾವ್ ಮತ್ತು ಫರ್ನಾಂಡಿಸ್ 1950ರ ದಶಕದಲ್ಲಿ ಇಟ್ಟಿದ್ದು. ಲೋಕಲ್ ಟ್ರೈನಿನಲ್ಲಿ ಬೋರಿವಲಿಗೆ ನೇತಾಡಿಕೊಂಡು ಹೋಗುವವರಿಗೆ ಇದು ಗೊತ್ತಿರಲಿ. ಕಿಟಕಿಗೆ ತೂಗುಹಾಕುವ ಸ್ಪೈಡರ್ ಪ್ಲಾಂಟ್ ಮಾತ್ರ ಆಫ್ರಿಕಾದ್ದು, ಅದನ್ನು ಪಲ್ಯ ಮಾಡಬೇಡಿ.

ಮಾಲೀಕರು ಕೌಂಟರ್ ಬಿಟ್ಟು ಏಳುವುದಿಲ್ಲ. ಗಿಡ ತೋರಿಸುವುದು ಒಬ್ಬ ಕಾಕಾ, ವಿಜಯಪುರ ಜಿಲ್ಲೆ ಇಂಡಿ ಕಡೆಯವರು. ನಾನು ಮನೆಯವರ ಜೊತೆ ಕನ್ನಡ ಮಾತಾಡಿದ್ದು ಕೇಳಿ ಹತ್ತಿರ ಬಂದರು. ಟೇಬಲ್ಲಿನ ಕತ್ತಾಳೆ ಭಾಗದಲ್ಲಿ ನಾಲ್ಕೈದು ಲೋಳೆಸರದ ಕುಂಡ, ಅದರ ಪಕ್ಕ ಹಾವೊರ್ತಿಯಾ ಇಟ್ಟಿದ್ದರು. ಇದು ಶುದ್ಧ ತಪ್ಪು, ಅವೆರಡೂ ಆಸ್ಫೋಡೆಲೇಸಿ. ಕಾಕಾಗೆ ಹೇಳಿದೆ.

"ನಾನೂ ಅದನ್ನ ಹೇಳೇನ್ರಿ ಅಕ್ಕಾರ. ಲೋಳಸರ ಬ್ಯಾರೆ, ಕತ್ತಾಳಿ ಬ್ಯಾರೆ. ಹರದ್ ನೋಡಿದ್ರ ಗೊತ್ತಾಗ್ತೈತಿ."

ಅಂದವರೇ ಒಣಗುತ್ತಿದ್ದ ಒಂದು ಕತ್ತಾಳೆ ಎಲೆಯನ್ನು ಬುಡದಿಂದ ಕಿತ್ತು, ನಡು ಮುರಿದು ಎರಡೂ ಕಡೆ ಎಳೆದರು. ಎರಡು ತುಂಡುಗಳ ನಡುವೆ ಬಿಳಿ ನಾರು ಸಾಲಾಗಿ ಚಾಚಿ ನಿಂತಿತು, ತುಂಡಾಗಲಿಲ್ಲ. ಆಮೇಲೆ ಲೋಳೆಸರದ ಎಲೆ ಮುರಿದರು. ಪಟ್ಟನೆ ತುಂಡಾಯಿತು. ಸಿಪ್ಪೆಯ ಅಂಚಿನಿಂದ ಮೊದಲು ಹಳದಿ ನೀರು, ಆಮೇಲೆ ಒಳಗಿನ ಲೋಳೆ. ನಾರಿನ ಸುಳಿವಿಲ್ಲ.

"ನಮ್ಮ ಕಡೆ ಹೊಲದ ಬದುವಿಗಿ ಇದನ್ನ ಹಚ್ಚತಿದ್ವಿರಿ. ನೀರಾಗ ಕೊಳಿಹಾಕಿ ನಾರು ತಗದು ಹಗ್ಗ ಹೊಸೀತಿದ್ವಿ. ಕೈ ತೊಳಕೋರಿ ಮದ್ಲ, ರಸ ಹತ್ತಿದ್ರ ಕಡೀತೈತಿ."

ಅದೂ ನಿಜ. ಕತ್ತಾಳೆ ರಸದಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ, ಚರ್ಮ ಉರಿಯುತ್ತದೆ. ಇನ್ನೊಂದು ವ್ಯತ್ಯಾಸವನ್ನೂ ಕಾಕಾ ಹೇಳಿದರು. ಲೋಳೆಸರ ವರ್ಷ ವರ್ಷ ಹೂ ಬಿಡುತ್ತದೆ, ಕತ್ತಾಳೆಯ ಬುಡ ಜೀವಮಾನದಲ್ಲಿ ಒಂದೇ ಸಲ ಕಂಬದಷ್ಟು ಎತ್ತರ ಹೂ ಬಿಟ್ಟು ಸಾಯುತ್ತದೆ. ಫ್ಲೆಕ್ಸಿಗಿಂತ ಕಾಕಾ ಉತ್ತಮ. ಅವರು ಸಿಕ್ಕರೆ ಬಿಡಬೇಡಿ.

ಈಗ ಚೀಟಿಯ ವಿಷಯ. ಡ್ರಸೀನಾ ಭಾಗದಲ್ಲಿ ದುಂಡನೆಯ ಕೋಲಿನಂಥ ಎಲೆಯ ಒಂದು ಗಿಡ. ಚೀಟಿಯಲ್ಲಿ ಸ್ಯಾನ್ಸಿವೇರಿಯಾ ಸಿಲಿಂಡ್ರಿಕಾ, 180 ರೂಪಾಯಿ. ಅದೇ ಸಾಲಿನ ಕೊನೆಯಲ್ಲಿ, ಅಷ್ಟೇ ಎತ್ತರ, ಅಷ್ಟೇ ಮರಿ, ಬರೀ ಕುಂಡ ಬಿಳಿ. ಚೀಟಿಯಲ್ಲಿ ಡ್ರಸೀನಾ ಅಂಗೋಲೆನ್ಸಿಸ್, 320 ರೂಪಾಯಿ. ಎರಡೂ ಒಂದೇ ಗಿಡ ಮಾರಾಯ್ರೇ! ಸ್ಯಾನ್ಸಿವೇರಿಯಾ ಅನ್ನುವ ಕುಲವನ್ನು ಈಗ ಡ್ರಸೀನಾ ಒಳಗೆ ಸೇರಿಸಿದ್ದಾರೆ. ಡಿಎನ್‌ಎ ಪ್ರಕಾರ ಸ್ಯಾನ್ಸಿವೇರಿಯಾಗಳು ಡ್ರಸೀನಾಗಳ ಕೊಂಬೆಯಲ್ಲೇ ಒಂದು ಕವಲು, ಬೇರೆ ಇಟ್ಟರೆ ಉಳಿದ ಡ್ರಸೀನಾ ಅರ್ಧಂಬರ್ಧ ಆಗುತ್ತದೆ. ಡ್ರಸೀನಾ ಹೆಸರು ಹಳೆಯದು, ಹಾಗಾಗಿ ಅದು ಉಳಿಯಿತು. ನಮ್ಮ ಮಾಮೂಲಿ ಸ್ನೇಕ್ ಪ್ಲಾಂಟ್ 2017ರಿಂದ ಡ್ರಸೀನಾ ಟ್ರೈಫ್ಯಾಸಿಯಾಟಾ. ಹೂಕರ್ ಕಾಲದಲ್ಲಿ ಸ್ಯಾನ್ಸಿವೇರಿಯಾ ಹೀಮೊಡೋರೇಸಿಯಲ್ಲಿತ್ತು, ಡ್ರಸೀನಾ ಲಿಲಿಯೇಸಿಯಲ್ಲಿತ್ತು. ಕುಟುಂಬವೇ ಬೇರೆ ಇದ್ದವು ಈಗ ಒಂದೇ ಕುಲ. ಓದುವವರಿಗೆ ಇದು ಬಹಳ ಚಂದದ ಕಥೆ. ಅದರ ಹೆಸರಿನಲ್ಲಿ 140 ರೂಪಾಯಿ ಜಾಸ್ತಿ ತಗೊಳ್ಳುವುದು ಮಾತ್ರ ಚಂದವಲ್ಲ. ಕೌಂಟರಿನಲ್ಲಿ ಕೇಳಿದರೆ "ತೊ ಇಂಪೋರ್ಟೆಡ್ ಆಹೆ" ಅಂದರು. ಕಾಕಾ ನನ್ನ ಕಡೆ ನೋಡಿ ಏನೂ ಹೇಳಲಿಲ್ಲ.

ಇದಕ್ಕಿಂತ ಕೆಟ್ಟದ್ದು ನೀರಿನ ಚೀಟಿ. ಕುಟುಂಬ ಒಂದೇ ಅಂತ ಇಡೀ ಟೇಬಲ್ಲಿಗೆ ಒಂದೇ ಚೀಟಿ ಪ್ರಿಂಟ್ ಮಾಡಿಸಿಬಿಟ್ಟಿದ್ದಾರೆ: ವಾರಕ್ಕೆ ಎರಡು ಸಲ ನೀರು, ಅರೆ ನೆರಳು. ಕುಟುಂಬ ಅನ್ನುವುದು ಗಿಡದ ವಂಶ ಹೇಳುತ್ತದೆ, ಎಷ್ಟು ನೀರು ಕುಡಿಯುತ್ತದೆ ಅಂತ ಹೇಳುವುದಿಲ್ಲ. ಕತ್ತಾಳೆಗೆ ಸುಡುಬಿಸಿಲು ಬೇಕು, ಮಣ್ಣು ಪೂರ್ತಿ ಒಣಗಿದ ಮೇಲೆ ನೀರು. ಅದರದೇ ಉಪಕುಟುಂಬದ ಸುಗಂಧರಾಜಕ್ಕೆ ಬೆಳೆಯುವ ಕಾಲದಲ್ಲಿ ತೇವ ಆರಬಾರದು. ಲಕ್ಕಿ ಬ್ಯಾಂಬೂ ಬರೀ ನೀರಿನಲ್ಲೇ ನಿಲ್ಲುತ್ತದೆ, ಅದೇ ಕುಲದ ಸ್ನೇಕ್ ಪ್ಲಾಂಟ್ ನೀರು ಹೆಚ್ಚಾದರೆ ಬುಡ ಕೊಳೆತು ಮಲಗುತ್ತದೆ. ನಮ್ಮ ಪಕ್ಕದ ಫ್ಲ್ಯಾಟಿನ ಕಾಕೂ ಇಲ್ಲಿಂದಲೇ ತಂದ ಸ್ನೇಕ್ ಪ್ಲಾಂಟಿಗೆ ಜುಲೈ ತಿಂಗಳಲ್ಲೂ ಚೀಟಿ ನೋಡಿಕೊಂಡು ನಿಷ್ಠೆಯಿಂದ ನೀರು ಹಾಕಿದರು. ಪುಣೆಯ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕುಂಡ ಎಲ್ಲಿ ಒಣಗಬೇಕು? ಬುಡ ಹಿಡಿದರೆ ಎಲೆ ಕೈಗೆ ಬಂತು, ವಾಸನೆ ಬೇರೆ. ಬದಲಿ ಕೊಡಿ ಅಂದರೆ ಕೊಡಲಿಲ್ಲ. ಚೀಟಿ ಅವರದು, ನಷ್ಟ ಕಾಕೂದು.

ಮನೆಯಲ್ಲಿ ಬೆಕ್ಕು ಇದ್ದವರಿಗೂ ಒಂದು ಮಾತು ಆ ಚೀಟಿಯಲ್ಲಿ ಇರಬೇಕಿತ್ತು. ಡ್ರಸೀನಾಗಳಲ್ಲಿ, ಅಂದರೆ ಸ್ನೇಕ್ ಪ್ಲಾಂಟ್ ಲಕ್ಕಿ ಬ್ಯಾಂಬೂ ಎರಡರಲ್ಲೂ, ಸಪೋನಿನ್ ಎಂಬ ವಿಷದ ಅಂಶ ಇದೆ, ಬೆಕ್ಕು ಜಗಿದರೆ ವಾಂತಿ ಮಾಡುತ್ತದೆ. ಸ್ಪೈಡರ್ ಪ್ಲಾಂಟ್ ಆದರೆ ಅಂಥ ಭಯವಿಲ್ಲ. ಅಂಗಡಿಯವರು ಇದನ್ನು ತಾವಾಗಿ ಹೇಳುವುದಿಲ್ಲ, ಕೇಳಿದರೂ "ಕಾಯಿ ನಾಹಿ ಹೋತ್", ಏನೂ ಆಗಲ್ಲ, ಅನ್ನುತ್ತಾರೆ.

ಇನ್ನೊಂದು ಸಣ್ಣ ಪಿರಿಪಿರಿ. ಪೋನಿಟೇಲ್ ಪಾಮ್ ಅನ್ನು ಆಚೆ ತಾಳೆ ಗಿಡಗಳ ಜೊತೆ ಬಿಟ್ಟಿದ್ದಾರೆ. ಅದು ತಾಳೆಯೇ ಅಲ್ಲ, ಡ್ರಸೀನಾ ಬಳಗದ್ದು, ಈ ಟೇಬಲ್ಲಿಗೆ ಬರಬೇಕಿತ್ತು. ಬುಡ ಇಷ್ಟು ದಪ್ಪ ಊದಿಕೊಂಡು ನೀರು ತುಂಬಿಟ್ಟುಕೊಂಡಿರುವ ಗಿಡ, ಅದಕ್ಕೂ ತಾಳೆಗಳ ಜೊತೆ ದಿನಾ ಪೈಪ್ ಹಿಡಿಯುತ್ತಿದ್ದಾರೆ ಪಾಪ.

ಇನ್ನು ಒಳ್ಳೆಯದು. ಸುಗಂಧರಾಜದ ಗೆಡ್ಡೆ ಇಲ್ಲಿ ತಗೊಳ್ಳಲೇಬೇಕು. ಮರಾಠಿಯಲ್ಲಿ ನಿಶಿಗಂಧ ಅಂತ ಕೇಳಿ. ಬುಟ್ಟಿಯ ಗೆಡ್ಡೆ ಗಟ್ಟಿಯಾಗಿದ್ದವು, ಬೂಷ್ಟು ಇರಲಿಲ್ಲ, ಒಂದೊಂದೂ ದೊಡ್ಡ ಬೆಳ್ಳುಳ್ಳಿ ಗಾತ್ರ. ತಳಿ ಕೇಳಿದರೆ ಪ್ರಜ್ವಲ್ ಅಂದರು. ನಮ್ಮ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ, ಒಂಟಿ ಸುತ್ತಿನ ಹೂವು, ಮೊಗ್ಗಿಗೆ ತುಸು ಗುಲಾಬಿ ಛಾಯೆ. ಹಾರಕ್ಕೆ ಹೇಳಿ ಮಾಡಿಸಿದ ಹಾಗೆ. ಎರಡು ಸುತ್ತಿನ ದಪ್ಪ ಹೂವು ಬೇಕಾದವರು ಸುವಾಸಿನಿ ಕೇಳಿ, ಅದೂ ಅಲ್ಲಿಯದೇ ತಳಿ.

ಈ ಗೆಡ್ಡೆಯ ಚೀಟಿಯಲ್ಲೂ ಹೆಸರು ಇತ್ತೀಚಿನದೇ: ಅಗೇವ್ ಅಮಿಕಾ. ಪೋಲಿಯಾಂಥೆಸ್ ಟ್ಯೂಬರೋಸಾ ಅಂತ ನಾವೆಲ್ಲ ಬಾಯಿಪಾಠ ಮಾಡಿದ ಹೆಸರು ಹೋಯಿತು. ಪೋಲಿಯಾಂಥೆಸ್ ಗಿಡಗಳು ಕತ್ತಾಳೆಯ ಕುಲದೊಳಗೇ ಬರುತ್ತವೆ ಅಂತ ಡಿಎನ್‌ಎ ಹೇಳಿತು. ಸರಿ, ಅಗೇವ್ ಟ್ಯೂಬರೋಸಾ ಅನ್ನೋಣ ಅಂದರೆ ಆ ಹೆಸರನ್ನು ಯಾವಾಗಲೋ ಬೇರೆ ಗಿಡಕ್ಕೆ ಕೊಟ್ಟಾಗಿತ್ತು. ಹಾಗಾಗಿ ಹಳೆಯ ಇನ್ನೊಂದು ಹೆಸರಿನಿಂದ ಅಮಿಕಾ ತಂದರು. ಮದುವೆ ಮಂಟಪದಲ್ಲಿ ವಧೂವರರ ಕೊರಳಿಗೆ ಬೀಳುವುದು ಕತ್ತಾಳೆ ಹೂವಿನ ಹಾರ ಅಂತ ನಮ್ಮತ್ತೆಗೆ ಹೇಳಿದೆ. ಅವರು ಇನ್ನೂ ಒಪ್ಪಿಲ್ಲ.

ಆ ಹುಡುಗಿಗೆ ಹೇಳಬೇಕೆನಿಸಿದ್ದು ಇಷ್ಟು. ಉಪಕುಟುಂಬದ ಗೆರೆಗಳ ಮೇಲೆ ಹೆಸರು ದೊಡ್ಡದಾಗಿ ಬರೆಸಮ್ಮ, ಫ್ಲೆಕ್ಸ್ ಮುಂದಿನ ಗೊಬ್ಬರದ ಚೀಲ ತೆಗೆಸು, ನೀರಿನ ಚೀಟಿ ಎಲ್ಲ ಕಿತ್ತು ಗಿಡಕ್ಕೊಂದು ಬರೆ. ಅವಳು ಅವತ್ತು ಕಾಲೇಜಿಗೆ ಹೋಗಿದ್ದಳು, ಮಾಲೀಕರಿಗೆ ಹೇಳಿ ಬಂದಿದ್ದೇನೆ. ಅವರು ತಲೆ ಆಡಿಸಿದರು.

ಬೆಲೆ ಪೇಟೆಯೊಳಗಿನ ಅಂಗಡಿಗಳಿಗಿಂತ ಕಡಿಮೆ. ಶತಾವರಿ 60, ಸ್ಪೈಡರ್ ಪ್ಲಾಂಟ್ 80, ಬಣ್ಣದ ಅಂಚಿನ ಕತ್ತಾಳೆ 450. ಚೌಕಾಸಿ ನಡೆಯುತ್ತದೆ, ಆದರೆ ಮೂರ್ನಾಲ್ಕು ಗಿಡ ಒಟ್ಟಿಗೆ ತಗೊಂಡರೆ ಮಾತ್ರ. ಯುಪಿಐ ಇದೆ, ನೆಟ್‌ವರ್ಕ್ ಇಲ್ಲ, ನೋಟು ಇಟ್ಟುಕೊಂಡು ಹೋಗಿ. ಭಾನುವಾರ ಹೋದರೆ ಪಾರ್ಕಿಂಗ್ ಸಿಗುವುದಿಲ್ಲ, ಕಾಕಾ ಕೂಡ ಸಿಗುವುದಿಲ್ಲ. ಮನೆಗೆ ಕಳಿಸುವ ವ್ಯವಸ್ಥೆ ಇದೆ, ಬೇಡ. ಟೆಂಪೋದಲ್ಲಿ ಬಂದ ನಮ್ಮ ಯಕ್ಕಾದ ಅರ್ಧ ಎಲೆ ಮುರಿದಿತ್ತು. ನಿಮ್ಮ ಕಾರಿನಲ್ಲೇ ತನ್ನಿ. ಕತ್ತಾಳೆ ತಗೊಂಡರೆ ಡಿಕ್ಕಿಯಲ್ಲಿ ಇಡುವ ಮೊದಲು ಎಲೆಗಳ ತುದಿ ಮುಳ್ಳಿಗೆ ಥರ್ಮಾಕೋಲ್ ಚುಚ್ಚಿಕೊಡಿ ಅಂತ ಕೇಳಿ, ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ.